ಸಿಂಹಗಳ ವಂಶವೃಕ್ಷ

ನಿವೃತ್ತನಾಗಿ ಮನೆಗೆ ಬರುವಾಗ ಕಚೇರಿಯವರು ನನಗೆ ಒಂದು ಶಾಲು, ಒಂದು ಗಂಧದ ಹಾರ, ಒಂದು ಗೋಡೆ ಗಡಿಯಾರ ಕೊಟ್ಟರು. ಯಾರೂ ಕೊಡದೆ ನಾನೇ ಎತ್ತಿಕೊಂಡು ಬಂದದ್ದು ವಂಶವೃಕ್ಷದ ಹಳೇ ನಮೂನೆಗಳ ಒಂದು ಕಟ್ಟು. ಎಲ್ಲವೂ ಕಂಪ್ಯೂಟರಿಗೆ ಹೋದ ಮೇಲೆ ಆ ಹಾಳೆಗಳು ರದ್ದಿಗೆ ಬಿದ್ದಿದ್ದವು. ಮೂವತ್ತು ಚಿಲ್ಲರೆ ವರ್ಷ ಗ್ರಾಮ ಲೆಕ್ಕಿಗನಾಗಿದ್ದವನಿಗೆ ಖಾಲಿ ನಮೂನೆ ಕಂಡರೆ ಕೈ ಸುಮ್ಮನಿರುವುದಿಲ್ಲ ನೋಡಿ. ಕಿರಾಣಿ ಪಟ್ಟಿ ಬರೆಯಲಿಕ್ಕಾದರೂ ಆದೀತು ಎಂದು ಚೀಲಕ್ಕೆ ತುರುಕಿಕೊಂಡೆ. ಈಗ ಆ ಹಾಳೆಗಳ ತುಂಬ ಸಿಂಹಗಳಿವೆ.

ನಗಬೇಡಿ. ಇದು ಶುರುವಾದದ್ದು ನನ್ನ ಮೊಣಕಾಲಿನಿಂದ. ಚನ್ನಗಿರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಮಧ್ಯಾಹ್ನ ಊಟ ಮುಗಿಸಿ, ಮೊಬೈಲಿನಲ್ಲಿ ಮೊಣಕಾಲು ನೋವಿಗೆ ಮನೆಮದ್ದು ಹುಡುಕುತ್ತಿದ್ದೆ. ಎಕ್ಕದ ಎಲೆ ಬಿಸಿ ಮಾಡಿ ಕಟ್ಟುವ ವಿಡಿಯೋ ಮುಗಿದದ್ದೇ ತಡ, ತಾನಾಗಿ ಇನ್ನೊಂದು ಶುರುವಾಯಿತು. ಆಫ್ರಿಕದ ಯಾವುದೋ ಕಾಡು. ಜೀಪಿನಲ್ಲಿ ಕೂತ ಒಬ್ಬಾತ ಪಿಸುಗುಡುತ್ತಿದ್ದಾನೆ, ಎದುರಿಗೆ ಒಂದು ಹೆಣ್ಣು ಸಿಂಹ ಆಕಳಿಸುತ್ತಿದೆ. ಅವನ ಇಂಗ್ಲಿಷು ನನಗೆ ಅರ್ಧ ತಿಳಿಯಿತು, ಉಳಿದರ್ಧವನ್ನು ಸಿಂಹದ ಮುಖ ನೋಡಿ ಊಹಿಸಿಕೊಂಡೆ. ಆತ ವರ್ಷಗಟ್ಟಲೆಯಿಂದ ಅದೇ ಕಾಡಿನ ಅವೇ ಸಿಂಹಗಳ ಬೆನ್ನುಹತ್ತಿದ್ದಾನೆ. ಯಾವುದು ಯಾರ ಮಗಳು, ಯಾರು ಯಾರ ಗಡಿ ದಾಟಿದರು, ಎಲ್ಲ ಹೇಳುತ್ತಾನೆ. ಅಯ್ಯೋ, ಇದು ನನ್ನ ಕೆಲಸವಲ್ಲವೇ! ಯಾರು ಯಾರ ಮಗ, ಯಾರ ಹೊಲ ಯಾವ ಬದುವಿಗೆ ಮುಗಿಯುತ್ತದೆ ಎಂದು ಬರೆದೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಎದ್ದು ಹೋಗಿ ಹಾಳೆ ತಂದೆ.

ಆತ ಕರೆಯುವ ಹೆಸರುಗಳು ನನ್ನ ನಾಲಿಗೆಗೆ ಹೊರಳಲಿಲ್ಲ. ಹಾಗಾಗಿ ನಾನೇ ನಾಮಕರಣ ಮಾಡಿದೆ. ಆ ಗುಂಪಿನ ಸೀಮೆಯ ನಡುವೆ ಒಂದು ದೊಡ್ಡ ಕೆರೆಯಿತ್ತು, ನಮ್ಮ ತಾಲ್ಲೂಕಿನ ಕೆರೆಯ ನೆನಪಿಗೆ ಅದಕ್ಕೆ ಸೂಳೆಕೆರೆ ಮನೆತನವೆಂದು ಬರೆದುಕೊಂಡೆ. ಹಿರಿಯಳು ದೊಡ್ಡವ್ವ. ಅವಳ ಹೆಣ್ಣುಮಕ್ಕಳಲ್ಲಿ ಒಬ್ಬಳ ಕಿವಿ ಯಾವುದೋ ಜಗಳದಲ್ಲಿ ಹರಿದು ಮಡಚಿಕೊಂಡಿತ್ತು, ಅವಳು ಸೊಟ್ಟಕಿವಿ. ಮನೆ ಕಾಯುವ ಎರಡು ಮುದಿ ಗಂಡುಗಳಿಗೆ ಪಟೇಲರು ಎಂದೆ. ಮೇಲೆ ದೊಡ್ಡವ್ವ, ಕೆಳಗೆ ಗೆರೆ, ಗೆರೆಗೆ ಮಕ್ಕಳು, ಮಕ್ಕಳಿಗೆ ಮರಿಗಳು. ನಮೂನೆಯ ಕೆಳಗೆ 'ಮೇಲ್ಕಂಡ ವಿವರ ಸರಿಯಿದೆ' ಎಂದು ಅಚ್ಚಾಗಿದ್ದ ಜಾಗದಲ್ಲಿ ಅಭ್ಯಾಸಬಲದಿಂದ ಸಹಿಯನ್ನೂ ಹಾಕಿದೆ.

ನನ್ನ ಹೆಂಡತಿ ಶಾರದಾ ಹೊನ್ನಾಳಿಯವಳು. ಮಾತಿನಲ್ಲಿ ನನ್ನನ್ನು ಒಂದು ದಿನವೂ ಸುಮ್ಮನೆ ಬಿಟ್ಟವಳಲ್ಲ. ಆ ಹಾಳೆ ನೋಡಿ ಕೇಳಿದಳು, "ಅಲ್ರೀ, ನಿಮ್ಮ ಮುತ್ತಜ್ಜನ ಹೆಸರೇನು?"

ನಾನು ಪೆನ್ನಿನ ಟೋಪಿ ತಿರುವತೊಡಗಿದೆ.

"ನೋಡಿದ್ರಾ, ಅದು ಬರಂಗಿಲ್ಲ. ಆ ಮೂಳಿ ಸಿಂಹದ ಅಜ್ಜಿ ಹೆಸರು ಮಾತ್ರ ಬಾಯಿಪಾಠ ಐತೆ! ಹಾಲು ತರಾಕೆ ಹೋಗ್ರಿ, ಸಾಕು."

ಮುತ್ತಜ್ಜನ ಹೆಸರು ನನಗೆ ಮರೆಯಬಾರದಿತ್ತು. ನಾನು ಬೆಳೆದದ್ದೂ ಹೊನ್ನಾಳಿಯಲ್ಲೇ. ಚಿಕ್ಕವನಿದ್ದಾಗ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ಮನೆಮನೆಯ ವಂಶ ಹೇಳುವುದೇ ಅವರ ಕಸುಬು. ಎತ್ತಿನ ಮೇಲೆ ಬಂದು ನಮ್ಮ ಜಗುಲಿಯಲ್ಲಿ ಕೂತು, ಬಟ್ಟೆಯಲ್ಲಿ ಸುತ್ತಿದ ಹೊತ್ತಗೆ ಬಿಚ್ಚಿ, ಉಸಿರು ಬಿಡದೆ ಓದುತ್ತಿದ್ದರು. ಇಂಥವನ ಮಗ ಇಂಥವನು, ಇಂಥ ಊರು ಬಿಟ್ಟು ಇಂಥ ಊರಿಗೆ ಬಂದನು, ಅವನ ಮಕ್ಕಳು ಮೂವರು. ನಮಗೆ ಅದು ರೋಮಾಂಚನ. ನಾವು ಎಲ್ಲಿಂದಲೋ ಎದ್ದು ಬಂದವರು, ಯಾರನ್ನೋ ಓಡಿಸಿ ಇಲ್ಲಿ ಕೂತವರು ಎಂದು ಎದೆಯುಬ್ಬಿಸಿಕೊಂಡು ಓಣಿ ತುಂಬ ತಿರುಗುತ್ತಿದ್ದೆವು.

ಒಂದು ವರ್ಷ ನನ್ನ ಅಜ್ಜಿ, ಮೊರದಲ್ಲಿ ಜೋಳ ತಂದವಳು, ಕೊಡದೆ ನಿಂತುಬಿಟ್ಟಳು. "ಎಲ್ಲಾ ಓದಿದ್ರಿ. ನಾನು ಎಲ್ಲಿದೀನಿ ಅದ್ರಾಗೆ?"

ಹೆಳವರ ಹಿರಿಯ ನಕ್ಕ. "ಹೆಣ್ಣುಮಕ್ಕಳು ಹುಟ್ಟಿದ ಮನೆ ಹೊತ್ತಿಗ್ಯಾಗೆ ಇರ್ತಾರೆ ತಾಯಿ."

"ಅಲ್ಲಿ ಕೇಳಿದ್ರೆ ಕೊಟ್ಟ ಮನೇಲಿ ಇರ್ತಾರೆ ಅಂತೀರಿ. ನಡುವೆ ದಾರಿಯಾಗೆ ಬಿದ್ದು ಹೋದ್ವಾ ನಾವು?"

ಎಲ್ಲರೂ ಘೊಳ್ಳೆಂದು ನಕ್ಕರು. ಅಜ್ಜಿಯೂ ನಕ್ಕು ಜೋಳ ಸುರಿದಳು. ನಾನು ನಕ್ಕದ್ದೂ ನೆನಪಿದೆ.

ಸಿಂಹಗಳಲ್ಲಿ ಹಾಗಿಲ್ಲ. ಅಲ್ಲಿ ಮನೆತನವೆಂದರೆ ಹೆಂಗಸರದು. ಅಜ್ಜಿ, ಮಗಳು, ಚಿಕ್ಕಮ್ಮ, ಮೊಮ್ಮಗಳು, ಎಲ್ಲ ಒಟ್ಟಿಗೆ. ಸೀಮೆ ಅವರ ಕೈಯಿಂದ ಅವರ ಹೆಣ್ಣುಮಕ್ಕಳ ಕೈಗೆ ಹೋಗುತ್ತದೆ. ಗಂಡುಮರಿಗಳನ್ನು ಎರಡು ಮೂರು ವರ್ಷಕ್ಕೆ ಮನೆಯಿಂದ ಅಟ್ಟುತ್ತಾರೆ. ಅಣ್ಣತಮ್ಮಂದಿರು, ದಾಯಾದಿಗಳು, ಕೆಲವೊಮ್ಮೆ ದಾರಿಯಲ್ಲಿ ಸಿಕ್ಕ ಯಾವನೋ ಪರದೇಶಿ, ಹೀಗೆ ಕೂಡಿಕೊಂಡು ಕಂಡವರ ಗಡಿಯಲ್ಲಿ ಕದ್ದು ತಿನ್ನುತ್ತ ಅಲೆಯುತ್ತಾರೆ. ಕುತ್ತಿಗೆಯ ಕೂದಲು ಕಪ್ಪಾಗಿ ಧೈರ್ಯ ಬಂದ ದಿನ ಯಾರದೋ ಸೀಮೆಗೆ ನುಗ್ಗುತ್ತಾರೆ. ಅಲ್ಲಿದ್ದ ಗಂಡುಗಳು ಸೋತರೆ ಓಡಬೇಕು, ಇಲ್ಲವೇ ಸಾಯಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಖಾತೆ ಬದಲಾವಣೆ.

ಸೂಳೆಕೆರೆ ಮನೆತನಕ್ಕೂ ಹಾಗೆ ಮೂವರು ಬಂದರು. ಮೂವರೂ ಅಣ್ಣತಮ್ಮಂದಿರು, ಮುಳ್ಳುಕಂಟಿಯ ಒಣ ಸೀಮೆಯಿಂದ ಬಂದವರು. ಅವರಿಗೆ ಜಗಳೂರು ಬ್ರದರ್ಸ್ ಎಂದು ಹೆಸರಿಟ್ಟೆ. ಜಗಳೂರಿನವರು ಬೇಸರಿಸಬಾರದು, ಅಲ್ಲಿ ಆರು ವರ್ಷ ನೌಕರಿ ಮಾಡಿ ಉಪ್ಪು ತಿಂದವನ ಸಲಿಗೆ ಅದು. ಪಟೇಲರಲ್ಲಿ ಒಬ್ಬ ಮೊದಲ ದಿನವೇ ಸತ್ತ, ಇನ್ನೊಬ್ಬ ಕುಂಟುತ್ತ ಕೆರೆ ದಾಟಿ ಹೋದವನು ಮತ್ತೆ ಕಾಣಲಿಲ್ಲ. ಮಾರನೆಯ ವಿಡಿಯೋದಲ್ಲಿ ಮರಿಗಳನ್ನು ಆ ಅಣ್ಣತಮ್ಮಂದಿರು ಹುಡುಕಿ ಹುಡುಕಿ ಕೊಂದರು. ತಿನ್ನಲಿಕ್ಕಲ್ಲ. ಮರಿ ಸತ್ತರೆ ತಾಯಿ ಬೇಗ ಬೆದೆಗೆ ಬರುತ್ತಾಳೆ. ಇವರ ಕೈಯಲ್ಲಿರುವ ಕಾಲ ಎರಡೋ ಮೂರೋ ವರ್ಷ, ಅಷ್ಟರಲ್ಲಿ ಇನ್ನೊಂದು ಗುಂಪು ಇವರನ್ನು ಓಡಿಸಲು ಬರುತ್ತದೆ. ಅದರೊಳಗೆ ತಮ್ಮ ವಂಶ ಬೆಳೆಸಿಕೊಳ್ಳಬೇಕು, ಅಷ್ಟೇ ಲೆಕ್ಕ. ಒಂದೇ ಮಧ್ಯಾಹ್ನ ಐದು ಮರಿಗಳ ಹೆಸರಿನ ಕೆಳಗೆ ಕೆಂಪು ಶಾಯಿಯಲ್ಲಿ 'ಮೃತ' ಎಂದು ಬರೆದೆ. ಆ ದಿನ ಕಾಫಿ ಸೇರಲಿಲ್ಲ.

ಆರನೆಯದೊಂದು ಉಳಿದಿತ್ತು. ಸೊಟ್ಟಕಿವಿಯ ಮಗಳು, ಒಂದೇ ಒಂದು ಹೆಣ್ಣುಮರಿ. ಸೊಟ್ಟಕಿವಿ ಅದನ್ನು ಕರೆದುಕೊಂಡು ಮನೆತನ ಬಿಟ್ಟು ಹೊರಟುಬಿಟ್ಟಳು. ಒಂಟಿ ಹೆಣ್ಣು, ಪಕ್ಕದಲ್ಲಿ ಮರಿ, ಯಾರ ಸೀಮೆಯೂ ಅಲ್ಲದ ಗಡಿಯಂಚಿನಲ್ಲಿ ವಾರಗಟ್ಟಲೆ ನಡೆದಳು. ಮೊಲ, ಉಡ, ಏನು ಸಿಕ್ಕರೆ ಅದು. ದೂರದಲ್ಲಿ ಗಂಡು ಗುಡುಗಿದರೆ ಮರಿಯನ್ನು ಹುಲ್ಲಿಗೆ ದಬ್ಬಿ ತಾನು ಬೇರೆ ದಿಕ್ಕಿಗೆ ಓಡುತ್ತಿದ್ದಳು. ನಾನು ದಿನವೂ ಉಂಡ ಕೈ ತೊಳೆದ ತಕ್ಷಣ ಮೊಬೈಲು ಹಿಡಿಯುತ್ತಿದ್ದೆ. ಶಾರದಾಳೂ ಗೊಣಗುತ್ತಲೇ ಪಕ್ಕಕ್ಕೆ ಬಂದು ಕೂರಲು ಶುರುಮಾಡಿದಳು.

ಆಮೇಲೆ ಒಂದು ದಿನ ಸೊಟ್ಟಕಿವಿ ವಾಪಸು ಬಂದಳು. ಒಬ್ಬಳೇ. ಮರಿ ಏನಾಯಿತು ಎಂದು ಯಾರೂ ನೋಡಿಲ್ಲ. ಬಂದವಳು ಆ ಮೂವರು ಗಂಡುಗಳ ಮುಖಕ್ಕೆ ತನ್ನ ಹಣೆ ಉಜ್ಜಿ ಪಕ್ಕದಲ್ಲಿ ಮಲಗಿದಳು.

"ಥೂ, ನಾಚಿಕೆಗೆಟ್ಟವಳು," ಎಂದೆ. ನಿಜವಾಗಲೂ ಸಿಟ್ಟು ಬಂದಿತ್ತು.

"ಮತ್ತೇನು ಮಾಡ್ಬೇಕಿತ್ತು ಆಕೆ?" ಎಂದಳು ಶಾರದಾ. "ನೀವು ಹೋಗಿ ಕಾಯ್ತಿದ್ರಾ?"

ನನ್ನ ಕೈ ಕೆಂಪು ಪೆನ್ನಿಗೆ ಹೋಯಿತು. ಆದರೆ ಆ ಮರಿಯ ಹೆಸರಿನ ಕೆಳಗೆ ಏನು ಬರೆಯುವುದು? ಸತ್ತದ್ದನ್ನು ಕಂಡವರಿಲ್ಲ, ಬದುಕಿದ್ದನ್ನೂ ಕಂಡವರಿಲ್ಲ. ಹೀಗೇ ಪೆನ್ನು ಹಿಡಿದು ಕೂತಿದ್ದಾಗ, ಇಪ್ಪತ್ತೈದು ವರ್ಷ ನಾನು ಯಾರಿಗೂ ಹೇಳದ ಒಂದು ಹೆಸರು ಬಾಯಿಗೆ ಬಂತು. ದುರುಗಿ.

"ಯಾರ್ರೀ ದುರುಗಿ?" ಎಂದಳು ಶಾರದಾ.

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಜಗಳೂರು ಕಡೆಯ ಒಂದು ಹಳ್ಳಿ, ಹೆಸರು ಬೇಡ. ನಾನು ಕೂರುತ್ತಿದ್ದ ಚಾವಡಿಯ ಪಕ್ಕದ ಮನೆ ತಿಪ್ಪೇಶಿ ಎಂಬುವನದು. ನಾಲ್ವರು ಅಣ್ಣತಮ್ಮಂದಿರಲ್ಲಿ ಅವನೇ ಹಿರಿಯ. ಅವನ ಹೆಂಡತಿ ಬೋರಮ್ಮ, ಒಬ್ಬಳೇ ಮಗಳು ದುರುಗಮ್ಮ. ಎಲ್ಲರ ಬಾಯಲ್ಲಿ ದುರುಗಿ. ಬಿಸಿಲಿಗೆ ಬಾಯಾರಿ ಹೋದರೆ ಬೋರಮ್ಮ ಮಜ್ಜಿಗೆ ಕೊಡುತ್ತಿದ್ದಳು. ನಾಲ್ಕು ವರ್ಷದ ದುರುಗಿ ನನ್ನ ಮೇಜಿನ ಕೆಳಗೆ ನುಗ್ಗಿ, ಪೆನ್ನಿನ ಟೋಪಿ ಕದ್ದು ಬಾಯಲ್ಲಿಟ್ಟುಕೊಂಡು ಪೀಪಿ ಊದುತ್ತಿದ್ದಳು. ನನ್ನ ಪೆನ್ನುಗಳಿಗೆಲ್ಲ ಹಲ್ಲಿನ ಗುರುತಿತ್ತು. ಬೈದರೆ ಮೂಗು ಅರಳಿಸಿ ನಗುತ್ತಿದ್ದಳು.

ಬಾವಿ ತೋಡುವಾಗ ಮಣ್ಣು ಕುಸಿದು ತಿಪ್ಪೇಶಿ ಸತ್ತ. ವರ್ಷ ಕಳೆದ ಮೇಲೆ ಮೂವರು ಮೈದುನರು ಬೋರಮ್ಮನಿಗೆ ಉಡಿಕೆ ಮಾಡಿಸಿದರು. ಗಂಡ ಸತ್ತ ಹೆಣ್ಣಿಗೆ ಹೊಸ ಸೀರೆ ಉಡಿಸಿ ಇನ್ನೊಬ್ಬನ ಮನೆ ಸೇರಿಸುವುದಕ್ಕೆ ಆ ಕಡೆ ಉಡಿಕೆ ಎನ್ನುತ್ತಾರೆ. ಓಲಗವಿಲ್ಲ, ಚಪ್ಪರವಿಲ್ಲ, ನಾಲ್ಕು ಜನ ಕೂತು ಎಲೆಅಡಿಕೆ ಹಂಚಿದರೆ ಮುಗಿಯಿತು. ಗಂಡು ನ್ಯಾಮತಿ ಕಡೆಯವನು. ರೂಢಿಯ ಪ್ರಕಾರ ಹೆಣ್ಣು ಮಾತ್ರ ಹೋಗಬೇಕು, ಮಕ್ಕಳು ಸತ್ತವನ ಮನೆಯಲ್ಲೇ ಉಳಿಯಬೇಕು. ಆದರೆ ಆ ಮೂವರು ಎದ್ದು ನಿಂತು, "ಮಗು ತಾಯಿ ಬಿಟ್ಟು ಇರಂಗಿಲ್ಲ, ಪಾಪ. ಕರ್ಕಂಡು ಹೋಗ್ಲಿ ನಮ್ಮತ್ತಿಗೆ," ಎಂದರು. ಊರೇ ಅವರನ್ನು ಹೊಗಳಿತು. ನಾನೂ ಹೊಗಳಿದೆ. ರೂಢಿ ಮುರಿದು ತಾಯಿ ಮಗಳನ್ನು ಅಗಲಿಸದೆ ಕಳಿಸಿದ ದೊಡ್ಡ ಮನಸ್ಸು ಎಂದು ಚಾವಡಿಯಲ್ಲಿ ಕೂತು ಭಾಷಣ ಬಿಗಿದೆ. ಬೋರಮ್ಮ ಮಗಳನ್ನು ಸೊಂಟಕ್ಕೇರಿಸಿಕೊಂಡು ಬಸ್ಸು ಹತ್ತಿದಳು.

ಎರಡು ತಿಂಗಳಿಗೆ ಮೂವರೂ ಅರ್ಜಿ ತಂದರು. ಜಮೀನು ಇನ್ನೂ ಆ ಅಣ್ಣತಮ್ಮಂದಿರ ತೀರಿಹೋದ ತಂದೆಯ ಹೆಸರಿನಲ್ಲಿತ್ತು. ವಂಶವೃಕ್ಷ ಆಗಬೇಕು, ಅದರ ಮೇಲೆ ಖಾತೆ ಆಗಬೇಕು. ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಮಹಜರು ಮಾಡಿದೆ. ಐದಾರು ಹಿರಿಯರು ಕೂತಿದ್ದರು. ನಾಲ್ಕು ಗಂಡುಮಕ್ಕಳ ಹೆಸರು ಬರೆದು ಕೇಳಿದೆ, "ತಿಪ್ಪೇಶಿಗೆ ಒಂದು ಮಗು ಇತ್ತಲ್ಲ?"

"ಇತ್ತು ಸಾಹೇಬ್ರೆ," ಎಂದರು ಹಿರಿಯರಲ್ಲೊಬ್ಬರು. "ಈಗ ಅದು ಆ ಮನೆ ಮಗು. ಉಡಿಕೆಯಾಗೆ ತಾಯಿ ಹಿಂದೆ ಹೋದ ಮೇಲೆ ಈ ಮನೆಗೂ ಅದಕ್ಕೂ ಏನೈತೆ?"

ಎಲ್ಲರೂ ಹೌದೆಂದರು. ಸುಳ್ಳು ಹೇಳುವ ಮುಖಗಳಲ್ಲ ಅವು, ಅವರು ಹಾಗೇ ನಂಬಿದ್ದರು. ನನಗೆ ಮಾತ್ರ ಗೊತ್ತಿತ್ತು. ತಾಯಿ ಎಲ್ಲಿಗೆ ಹೋದರೂ ಮಗಳು ಅಪ್ಪನ ಮಗಳೇ, ಅಪ್ಪನ ಪಾಲು ಅವಳದೇ ಎಂದು ಇಲಾಖೆ ಪರೀಕ್ಷೆಗೆ ಉರು ಹೊಡೆದು ಪಾಸಾದವನು ನಾನು. ರೂಢಿಯನ್ನು ಆ ಮೂವರು ಯಾಕೆ ಮುರಿದರು ಎಂಬುದೂ ಆ ಕ್ಷಣ ಹೊಳೆಯಿತು. ಮಗುವನ್ನು ಉಳಿಸಿಕೊಂಡಿದ್ದರೆ ಪಾಲು ಕೊಡಬೇಕಾಗುತ್ತಿತ್ತು. ಅವರಲ್ಲಿ ಒಬ್ಬ ನನ್ನ ತಲೆಗೆ ಬಿಸಿಲು ಬೀಳದಂತೆ ಕೊಡೆ ಹಿಡಿದು ನಿಂತಿದ್ದ. ಯಾರೂ ಹೆದರಿಸಲಿಲ್ಲ, ಯಾರೂ ಏನೂ ಕೊಡಲಿಲ್ಲ. ಹಾಗೇನಾದರೂ ಆಗಿದ್ದರೆ ಇವತ್ತು ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ಸಾಯಂಕಾಲದ ಬಸ್ಸಿಗೆ ಹೊತ್ತಾಗಿತ್ತು. ಮಗುವಿನ ಹೆಸರು ಬರೆದರೆ ತಕರಾರಾಗುತ್ತದೆ, ಮಹಜರು ಮುರಿಯುತ್ತದೆ, ಮತ್ತೆ ಬರಬೇಕು. 'ತಿಪ್ಪೇಶಿ, ಮೃತ, ನಿಸ್ಸಂತಾನ' ಎಂದು ಬರೆದು ಎದ್ದೆ. ಬಸ್ಸು ಸಿಕ್ಕಿತು.

ಸಿಂಹವಾದರೆ ಓಡಿ ಹಿಡಿಯಬೇಕು, ಕಚ್ಚಬೇಕು. ನಾನು ಕುರ್ಚಿಯಲ್ಲಿ ಕೂತೇ ಆ ಕೆಲಸ ಮಾಡಿದ್ದೆ. ಆಮೇಲೆ ವರ್ಗವಾಯಿತು, ಮಕ್ಕಳ ಮದುವೆಯಾಯಿತು, ನಾಲ್ಕು ಜನ ಸೇರಿದ ಕಡೆ ನಾನು ಪ್ರಾಮಾಣಿಕನೆಂದು ಹೆಸರು ಕೂಡ ಆಯಿತು.

ಶಾರದಾ ಎಲ್ಲ ಕೇಳಿ ಮೊಬೈಲನ್ನು ಮಗುಚಿ ಇಟ್ಟಳು.

"ಆ ಹುಡುಗಿಗೆ ಈಗ ಮೂವತ್ತು ಆಗಿರ್ಬೇಕಲ್ಲ," ಎಂದಳು.

"ಹತ್ತತ್ತಿರ."

"ಮದುವೆಯಾಗಿ ಮಕ್ಕಳೂ ಆಗಿರ್ತಾರೆ. ಅಪ್ಪನ ಆಸ್ತಿ ಐತೆ ಅಂತಾನಾದ್ರೂ ಆಕೆಗೆ ಗೊತ್ತೈತಾ? ಹೋಗಿ ಹೇಳ್ರಿ. ಅವತ್ತು ಬರೆದಿದ್ದು ತಪ್ಪು ಅಂತ ಬರ್ಕೊಡ್ರಿ. ಮುಂದಿಂದು ಕೋರ್ಟು ನೋಡ್ಕಳುತ್ತೆ."

"ಪಿಂಚಣಿಗೆ ಕುತ್ತು ಬಂದ್ರೆ?"

"ಬಂದ್ರೆ ಬರ್ಲಿ. ಗಂಜಿ ಕುಡಿದ್ರಾತು. ಆ ಮೊಬೈಲ್ ನೋಡ್ಕಂತ ಕಣ್ಣೀರು ಹಾಕೋದೊಂದು ನಿಲ್ಲಿಸ್ರಿ."

ಇಷ್ಟು ವರ್ಷ ಇಲ್ಲದ ಉತ್ಸಾಹ ಆಗ ಬಂತು ನೋಡಿ. ಮಾರನೆಯ ದಿನವೇ ಛಾಪಾ ಕಾಗದ ತಂದು ಟೈಪಿಂಗ್ ಅಂಗಡಿಯಲ್ಲಿ ಕೂತು ಅಫಿಡವಿಟ್ ಹೊಡೆಸಿದೆ. ಇಲ್ಲಿ ನನ್ನ ಕಸುಬಿನ ಒಂದು ರೋಗವನ್ನು ಒಪ್ಪಿಕೊಳ್ಳಬೇಕು. ನಾವು ಸ್ಥಳ ನೋಡುವ ಮೊದಲೇ ಸ್ಥಳ ತನಿಖೆಯ ವರದಿ ಬರೆದಿಟ್ಟುಕೊಂಡು ಹೋಗುತ್ತಿದ್ದೆವು. ಅಲ್ಲಿ ಹೋಗಿ ಬರೆಯುತ್ತ ಕೂತರೆ ಬಸ್ಸು ತಪ್ಪುತ್ತದಲ್ಲ! ಒಮ್ಮೆ 'ಉತ್ತರದ ಬದುವಿನಲ್ಲಿ ಫಲ ಬಿಡುವ ಹುಣಸೆ ಮರವಿದೆ' ಎಂದು ಮನೆಯಲ್ಲೇ ಬರೆದು ಹೋದರೆ, ಮರ ಕಡಿದು ಒಲೆಗೆ ಹಾಕಿ ವರ್ಷವಾಗಿತ್ತು. ಆ ಹೊಲದವನು, "ಇರ್ಲಿ ಬಿಡ್ರಿ, ಕಾಗದದಾಗಾದ್ರೂ ಹಣ್ಣು ಬಿಡ್ಲಿ," ಎಂದು ನಕ್ಕಿದ್ದ. ಅದೇ ಚಾಳಿ. ಟೈಪಿಂಗಿನವಳಿಗೆ ಹಳೇ ಧಾಟಿಯಲ್ಲಿ ಗಡಗಡ ಹೇಳಿದೆ: 'ಸದರಿ ತಿಪ್ಪೇಶಿಯವರಿಗೆ ದುರುಗಮ್ಮ ಎಂಬ ಒಬ್ಬಳೇ ಮಗಳಿದ್ದು, ಸದರಿಯವಳು ಹಾಲಿ ಜೀವಂತವಿರುತ್ತಾಳೆ.'

ಬೆಳಗಿನ ಬಸ್ಸಿಗೆ ಹೊರಟೆ. ಹೊನ್ನಾಳಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿದೆ. ಹಾದಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ. ದುರುಗಿ ನನ್ನನ್ನು ಬೈಯಬಹುದು, ಬೈಯಲಿ. ಗುರುತೇ ಹಿಡಿಯದಿರಬಹುದು. ಅವಳ ಮಗುವೊಂದು ಮೇಜಿನ ಕೆಳಗೆ ನುಗ್ಗುವ ವಯಸ್ಸಿನದಾಗಿದ್ದರೆ ಎಂದೂ ಅಂದುಕೊಂಡೆ, ನ್ಯಾಮತಿಯಲ್ಲಿ ಇಳಿದಾಗ ಒಂದು ಬಿಸ್ಕತ್ತು ಪೊಟ್ಟಣ ಕೊಂಡೆ. ಉಡಿಕೆಯ ದಿನ ಕೇಳಿದ್ದ ಊರಿನ ಹೆಸರು ನೆನಪಿತ್ತು, ಅಲ್ಲಿಂದ ಆಟೋ. ಊರ ಬಾಗಿಲಿನ ಚಹಾದಂಗಡಿಯಲ್ಲಿ "ಜಗಳೂರು ಕಡೆಯಿಂದ ಬಂದ ಬೋರಮ್ಮ" ಎಂದದ್ದಕ್ಕೆ ಮನೆ ತೋರಿಸಿದರು.

ಬೋರಮ್ಮ ಅಂಗಳದಲ್ಲಿ ಮೆಕ್ಕೆಜೋಳದ ತೆನೆ ಹರಡುತ್ತಿದ್ದಳು. ಕೂದಲು ಬೆಳ್ಳಗಾಗಿದೆ, ಮುಖ ಅದೇ. ನನ್ನನ್ನು ಎರಡು ಸಲ ನೋಡಿ, "ಚಾವಡಿ ಸಾಹೇಬ್ರಲ್ಲೇನ್ರೀ?" ಎಂದಳು. ಗಂಡ, ಇಬ್ಬರು ಗಂಡುಮಕ್ಕಳು ಹೊಲಕ್ಕೆ ಹೋಗಿದ್ದರು. ಕಟ್ಟೆಯ ಮೇಲೆ ಚೀಲ ಹಾಸಿ ಕೂರಿಸಿದಳು, ನೀರು ಕೊಟ್ಟಳು, ಮಜ್ಜಿಗೆ ತರುತ್ತೇನೆಂದಳು. ನಾನು ಬೇಡವೆಂದೆ. ಮಜ್ಜಿಗೆ ಕುಡಿದು ಹೇಳುವ ಮಾತಲ್ಲ ಅದು.

ಹೇಳಿಯೇಬಿಟ್ಟೆ. ಕಟ್ಟೆ, ಮಹಜರು, ನಾನು ಬರೆದ ಸಾಲು, ಎಲ್ಲ. ಅವಳು ತೆನೆ ಹರಡುವುದನ್ನು ನಿಲ್ಲಿಸಲಿಲ್ಲ. ನಾನು ಚೀಲದಿಂದ ಕಾಗದ ತೆಗೆದು, ಕನ್ನಡಕ ಏರಿಸಿ, ಕಚೇರಿಯ ಗತ್ತಿನಲ್ಲೇ ಪೂರ್ತಿ ಓದಿದೆ. ಓದಿ ಮುಗಿಸಿ, "ಇದ್ನ ಇಟ್ಕಂಡು ಆಕೆ ಕೋರ್ಟಿಗೆ ಹೋಗ್ಬಹುದು. ನಾನೇ ಬಂದು ಸಾಕ್ಷಿ ಹೇಳ್ತೀನಿ. ದುರುಗೀನ ಯಾವೂರಿಗೆ ಕೊಟ್ಟೀರಿ?" ಎಂದೆ.

ಬೋರಮ್ಮ ಕೈಯಲ್ಲಿದ್ದ ತೆನೆ ಕೆಳಗಿಟ್ಟಳು.

"ಆಕಿ ಇಲ್ಲ ಸಾಹೇಬ್ರೆ. ಏಳು ವರ್ಷದಾಕಿ ಇದ್ದಾಗ್ಲೇ ಹೋದ್ಲು."

ಅವಳೇ ಹೇಳಿದಳು, ಒಂದೇ ಸಮನೆ, ದನ ಮಾರಿದ್ದು ಹೇಳುವ ದನಿಯಲ್ಲಿ.

"ಈ ಮನೇಲಿ ಯಾರೂ ಆಕಿನ ಬಡೀಲಿಲ್ಲ. ಹೊಟ್ಟೆಗೆ ಕಮ್ಮಿ ಮಾಡ್ಲಿಲ್ಲ. ಸುಳ್ಳು ಯಾಕೆ ಹೇಳ್ಲಿ? ಆ ವರ್ಷ ಎಲ್ರಿಗೂ ಜ್ವರ. ಆಕಿಗೂ ಬಂತು, ನನ್ನ ಹಿರೀ ಮಗನಿಗೂ ಬಂತು, ಅವನಿನ್ನೂ ಮೊಲೆ ಕುಡಿಯೋ ಕೂಸು. ಇದ್ದಿದ್ದು ಒಂದು ಲೂನಾ. ಇವ್ರು ಓಡಿಸ್ಬೇಕು, ಹಿಂದೆ ಒಬ್ರು ಕೂಸು ಹಿಡ್ಕಂಡು ಕುಂದರ್ಬೇಕು. ಇವನನ್ನ ಮೊದ್ಲು ತೋರ್ಸಣ, ಆಕೀನ ನಾಳೆ ಕರ್ಕಂಡು ಹೋಗಣ ಅಂದ್ರು."

"ಯಾರು ಹೋದ್ರು ಕೂಸಿನ ಜೊತೆ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ನಾನೇ ಹೋದೆ. ನಾನೂ ಇವರ ಕಡೇನೇ ಆಗಿದ್ನಲ್ಲ ಅಷ್ಟೊತ್ತಿಗೆ. ದುರುಗಿ ಬಾಗಿಲಾಗೆ ಕುಂತಿದ್ಲು, ನಾನು ಬರ್ತೀನವ್ವ ಅಂದ್ಲು. ನಾಳೆ ಅಂದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ನೀವು ಮಗೂನೇ ಇಲ್ಲ ಅಂತ ಬರದ್ರಿ ಅಂದ್ರಲ್ಲ, ಅದೇನು ಸುಳ್ಳಾಗ್ಲಿಲ್ಲ ಬಿಡ್ರಿ. ಎರಡು ವರ್ಷ ಮೊದ್ಲು ಬರದ್ರಿ, ಅಷ್ಟೆ."

ಅವಳು ಅದನ್ನು ಚುಚ್ಚಲು ಹೇಳಿದ್ದಲ್ಲ. ನನ್ನನ್ನು ಸಮಾಧಾನ ಮಾಡಲು ಹೇಳಿದ್ದು. ಅದು ತಿಳಿದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಪ್ಪನ ಮನೆಯಲ್ಲೇ ದುರುಗಿ ಉಳಿದಿದ್ದರೆ, ಇಲ್ಲವೇ ಅವಳ ಹೆಸರಿಗೆ ಒಂದು ತುಂಡು ನೆಲವಿದ್ದಿದ್ದರೆ, ಅವಳಿಗೆ 'ನಾಳೆ' ಎನ್ನುತ್ತಿದ್ದರೇ? ಗೊತ್ತಿಲ್ಲ. ಜ್ವರ ಯಾರ ಖಾತೆಯನ್ನೂ ನೋಡಿ ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ನೋಡಿದೆ, ಒಪ್ಪಿಗೆಯಾಗಲಿಲ್ಲ. ಒಂದು ಸಲ ಬದುಕಿದ್ದವಳನ್ನು ಇಲ್ಲವೆಂದು ಬರೆದಿದ್ದೆ. ಈಗ ಇಲ್ಲದವಳನ್ನು ಇದ್ದಾಳೆಂದು ಛಾಪಾ ಕಾಗದದ ಮೇಲೆ ಬರೆಸಿಕೊಂಡು, ಬಿಸ್ಕತ್ತು ಪೊಟ್ಟಣ ಹಿಡಿದು ಬಂದಿದ್ದೆ.

ಕಾಗದವನ್ನು ಹರಿಯಲು ಎರಡೂ ಕೈಯಲ್ಲಿ ಹಿಡಿದೆ.

"ಇರ್ರಿ, ಇರ್ರಿ," ಎಂದು ಬೋರಮ್ಮ ಎದ್ದೇ ಬಂದಳು. ಜೋಳದ ಧೂಳಿನ ಕೈಯನ್ನು ಸೀರೆಗೆ ಒರೆಸಿಕೊಂಡು ನನ್ನ ಎದುರಿಗೆ ನೆಲದ ಮೇಲೆ ಕೂತಳು. "ಹರೀಬ್ಯಾಡ್ರಿ. ಕೊನೇಗೆ ಏನೋ ಓದಿದ್ರಲ್ಲ ಆಕಿದು, ಅದೊಂದು ಓದ್ರಿ."

ಕನ್ನಡಕ ಒರೆಸಿಕೊಂಡು ಓದಿದೆ. "ಸದರಿ ತಿಪ್ಪೇಶಿಯವರಿಗೆ ದುರುಗಮ್ಮ ಎಂಬ ಒಬ್ಬಳೇ ಮಗಳಿದ್ದು, ಸದರಿಯವಳು ಹಾಲಿ ಜೀವಂತವಿರುತ್ತಾಳೆ."

ಬೋರಮ್ಮ ಕಣ್ಣು ಮುಚ್ಚಿಕೊಂಡು ಕೇಳಿದಳು.

"ಇನ್ನೊಂದ್ಸಲ ಓದ್ರಿ," ಎಂದಳು.